ಕ್ಯೂಬು ಒಡೆಯುವವನ ಸಂಶಯ

ನಾನು ಮೊದಲಿನಿಂದಲೂ ಸಂಶಯದ ಮನುಷ್ಯ. ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ಬೆರಳದ್ದಿ ನೋಡುತ್ತೇನೆ. ಬಸ್ಸು ಈಗ ಬರುತ್ತದೆ ಎಂದವನ ಮುಖವನ್ನು ದಿಟ್ಟಿಸುತ್ತೇನೆ. ಸೇಡಂನ ಸಣ್ಣ ಪರೀಕ್ಷಾಲಯವೊಂದರಲ್ಲಿ ಕಾಂಕ್ರೀಟಿನ ಕ್ಯೂಬುಗಳನ್ನು ಮಷೀನಿನಲ್ಲಿಟ್ಟು ಒಡೆದು, ಎಷ್ಟು ಭಾರ ತಡೆದವು ಎಂದು ಬರೆಯುವ ಕೆಲಸ ಸಿಕ್ಕಾಗ, ಈ ಗುಣಕ್ಕೆ ಕೊನೆಗೂ ಒಂದು ಕುರ್ಚಿ ಸಿಕ್ಕಿತು ಎಂದುಕೊಂಡೆ.

ಚಿತ್ತಾಪುರದಿಂದ ದಿನಾ ರೈಲು. ಅದರಲ್ಲಿ ಕೂತು ದೂರಶಿಕ್ಷಣದ ತತ್ವಶಾಸ್ತ್ರ ಎಂ.ಎ. ಪಾಠಗಳನ್ನು ಓದುತ್ತಿದ್ದೆ. ಆ ವರ್ಷ ಬಂದದ್ದು ಫ್ರಾನ್ಸಿನ ವಿಜ್ಞಾನ ತತ್ವಜ್ಞಾನಿಗಳ ಪಾಠ. ಅವರ ವಾದ ಇಷ್ಟು: ಸಮಸ್ಯೆ ಎಂಬುದು ದಾರಿಯಲ್ಲಿ ಬಿದ್ದಿರುವುದಿಲ್ಲ, ವಿಜ್ಞಾನಿ ಅದನ್ನು ಕಟ್ಟಬೇಕು, ಕೆಟ್ಟದಾಗಿ ಕಟ್ಟಿದರೆ ಸರಿಯುತ್ತರ ಹುಟ್ಟುವುದೇ ಇಲ್ಲ. ಹೊಟ್ಟೆ ತುಂಬಿದವರ ಮಾತು ಎನಿಸಿತು. ನನ್ನ ಮೇಜಿನ ಮೇಲೆ ಸಮಸ್ಯೆ ತಾನಾಗಿಯೇ ಬಂದು ಕೂತಿತ್ತಲ್ಲ!

ನಮ್ಮಲ್ಲಿ ಕಾಂಕ್ರೀಟು ಕಲಸಿ ಅಚ್ಚಿಗೆ ತುಂಬಿ ಕ್ಯೂಬು ಹಾಕುವವರು ಇಬ್ಬರು. ಒಬ್ಬರು ತೆಂಗಳಿಯಿಂದ ಬರುತ್ತಿದ್ದ, ಐವತ್ತು ದಾಟಿದ, ಗಾರೆ ಕೆಲಸದ ಗೌಂಡಿ. ನಾನು ಕಾಕಾ ಎನ್ನುತ್ತಿದ್ದೆ. ಇನ್ನೊಬ್ಬ ನನ್ನ ವಯಸ್ಸಿನವನು. ಅದೇ ಸಿಮೆಂಟು, ಅದೇ ಮರಳು, ನೀರಿನ ತೊಟ್ಟಿಯಲ್ಲಿ ಅಷ್ಟೇ ಇಪ್ಪತ್ತೆಂಟು ದಿನ. ಆದರೂ ಕಾಕಾನ ಕ್ಯೂಬುಗಳು ಬೇಗ ಒಡೆಯುತ್ತಿದ್ದವು. ಕಾಕಾ ಏನು ಮಾಡುತ್ತಿದ್ದಾರೆ? ಇದೇ ನನ್ನ ಪ್ರಶ್ನೆ. ಅವರ ಬೆನ್ನ ಹಿಂದೆ ನಿಂತೆ, ತಕ್ಕಡಿ ನೋಡಿದೆ, ನೀರು ಅಳೆದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಊಟದ ಡಬ್ಬಿಯನ್ನೂ ಎತ್ತಿ ನೋಡಿದೆ.

“ಕಾಕಾ, ಖರೆ ಹೇಳ್ರಿ, ಸಿಮೆಂಟ್ ಪೂರಾ ಹಾಕ್ತೀರೇನು?”

“ನಿಮ್ಮ ಮುಂದೇ ಹಾಕಾಕತ್ತೀನಲ್ರಿ ಸಾಹೇಬ್ರೆ. ಇನ್ನ ಹ್ಯಾಂಗ ಹಾಕಬೇಕು?”

ಇಷ್ಟು ಶಾಂತವಾಗಿ ಮಾತಾಡುವವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಮಾಲೀಕರಿಗೆ ಅಂಕಿ ತೋರಿಸಿದೆ. ಅವರು ಕಾಕಾನನ್ನು ಕೆಲಸದಿಂದ ಬಿಡಿಸಿದರು.

ಕೆಲವು ತಿಂಗಳಲ್ಲಿ ಇನ್ನೊಬ್ಬನ ಕ್ಯೂಬುಗಳೂ ಹಾಗೆಯೇ ಒಡೆಯತೊಡಗಿದವು. ಅವನ ಮೇಲೂ ಕಣ್ಣಿಟ್ಟೆ, ನನಗೇ ಸಾಕಾಯಿತು. ಎಂ.ಎ. ಪರೀಕ್ಷೆ ಹತ್ತಿರ ಬಂದು ಅದೇ ಪಾಠವನ್ನು ರೈಲಿನಲ್ಲಿ ಮತ್ತೆ ತೆರೆದಿದ್ದೆ. ಆ ತತ್ವಜ್ಞಾನಿಗಳ ಮಾತು ಸುಳ್ಳೆಂದು ತೋರಿಸುವ ಹಟದಿಂದಲೇ ನನ್ನ ಪ್ರಶ್ನೆಯಿಂದ ‘ಯಾರು’ ಎಂಬುದನ್ನು ತೆಗೆದು ಹಾಕಿ ನೋಡಿದೆ. ಸಿಮೆಂಟು, ನೀರು ಎಲ್ಲ ಆಗಲೇ ಅಳೆದಾಗಿತ್ತು, ಕ್ಯೂಬು ಮಷೀನಿನಲ್ಲಿ ಹೇಗೆ ಕೂರುತ್ತಿದೆ ಎಂಬುದಷ್ಟೇ ಉಳಿಯಿತು. ಕೂರಿಸುತ್ತಿದ್ದವನು ನಾನು.

ಕ್ಯೂಬಿನ ಐದು ಮುಖಗಳು ಕಬ್ಬಿಣದ ಅಚ್ಚಿಗೆ ತಾಗಿ ನುಣುಪಾಗಿರುತ್ತವೆ. ಆರನೆಯದನ್ನು ಕರಣೆಯಿಂದ ಎಳೆದಿರುವುದರಿಂದ ತುಸು ಏರುಪೇರು. ಭಾರ ಬೀಳಬೇಕಾದದ್ದು ನುಣುಪು ಮುಖಗಳ ಮೇಲೆ. ನಾನೋ, ಯಾರಾದರೂ ಕ್ಯೂಬು ಅದಲುಬದಲು ಮಾಡಿಯಾರೆಂಬ ಸಂಶಯಕ್ಕೆ, ಅದರ ಗುರುತಿನ ನಂಬರು ಯಾವಾಗಲೂ ಮೇಲೆ ಬರುವಂತೆ ಇಡುತ್ತಿದ್ದೆ. ಇನ್ನೊಬ್ಬ ಅಚ್ಚು ಬಿಚ್ಚಿದ ಮೇಲೆ ಮಗ್ಗುಲಿಗೆ ಮಾರ್ಕರಿನಿಂದ ಬರೆಯುತ್ತಿದ್ದ. ಕಾಕಾ, ನೀರಿನಲ್ಲಿ ಅಳಿಸಬಾರದೆಂದು, ಹಸಿಯಿದ್ದಾಗಲೇ ಆ ಆರನೆಯ ಮುಖದ ಮೇಲೆ ಮೊಳೆಯಿಂದ ಗೀರುತ್ತಿದ್ದರು. ಹಾಗಾಗಿ ಅವರ ಕ್ಯೂಬುಗಳಲ್ಲಿ ಮಾತ್ರ ಭಾರ ಆ ಏರುಪೇರು ಮುಖದ ಮೇಲೆ ಬೀಳುತ್ತಿತ್ತು. ಮಾರ್ಕರು ಒಣಗಿದ ಮೇಲೆ ಇನ್ನೊಬ್ಬನೂ ಮೊಳೆ ಹಿಡಿದಿದ್ದ, ಅಷ್ಟೇ.

ಮಾಲೀಕರಿಗೆ ಎಲ್ಲ ಹೇಳಿದೆ. ಕಾಕಾನನ್ನು ಕರೆದುಕೊಂಡು ಬಾ ಎಂದರು. ತೆಂಗಳಿಗೆ ಹೋದಾಗ ಅವರ ಮನೆಗೊಂದು ಹೊಸ ಕೋಣೆ ಏಳುತ್ತಿತ್ತು. ಸಿಮೆಂಟು ಕಲಸುತ್ತಿದ್ದವನು ಬೇರೆ ಯಾರೋ. ಕಾಕಾ ದೂರ ಕೂತು ನೋಡುತ್ತಿದ್ದರು.

“ಬರ್ರಿ, ಕುಂದ್ರಿ,” ಎಂದರು. ಕುಳಿತು, ನಂಬರಿನ ಕತೆಯನ್ನೆಲ್ಲ ಹೇಳಿದೆ.

“ಹಂಗಾದ್ರ ನನ್ನ ಕೈ ಸರಿ ಇತ್ತೇನ್ರಿ?”

“ಸರಿ ಇತ್ತು ಕಾಕಾ. ತಪ್ಪು ನಂದು.”

ಅವರು ಕಲಸುವವನ ಕಡೆ ನೋಡಿದರು.

“ನೀವು ಓದಿದವ್ರು. ಅಷ್ಟು ಕೇಳಾಕತ್ತಿದ್ರಲ್ಲ, ನನ್ನ ಕೈಯಾಗೇ ಏನೋ ಐಬು ಅದ ಅಂತ ನಾನೂ ನಂಬಿದೆನ್ರಿ. ಮೊಮ್ಮಕ್ಕಳು ಮಕ್ಕೊಳ್ಳೋ ಖೋಲಿ ಇದು. ಅದಕ್ಕ ಬ್ಯಾರೆಯವನ್ನ ಹಚ್ಚೀನಿ.”