ಎಂಟು ಬಂಡಿಗೆ ಒಂದೇ ಹೆಸರು

ಶಾಲೆಯಲ್ಲಿ ಎಲ್ಲರೂ ಅವಳನ್ನು ಲ್ಯಾಬ್ ಅಕ್ಕ ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ಪ್ರಯೋಗಾಲಯದ ಬೀಗ ತೆಗೆದು, ಬೆಂಚು ಒರೆಸಿ, ಮೇಷ್ಟ್ರುಗಳು ಸುಟ್ಟುಹಾಕಿದ ಮೀಟರುಗಳನ್ನು ಸದ್ದಿಲ್ಲದೆ ರಿಪೇರಿ ಮಾಡಿಟ್ಟವಳು. ಬೆಸುಗೆ ಹಾಕಿ ಹಾಕಿ ಬೆರಳ ತುದಿ ದಡ್ಡುಗಟ್ಟಿದೆ. ಕೋಪ ಮೂಗಿನ ತುದಿಯಲ್ಲೇ ಇದ್ದರೂ ಇಷ್ಟು ವರ್ಷ ನುಂಗಿಕೊಂಡೇ ಬಂದಿದ್ದಳು.

ಈ ಸಲ ಮಕ್ಕಳು ಎಂಟು ಪುಟ್ಟ ರೋಬೋಟ್ ಬಂಡಿ ಮಾಡಿದರು. ಫೋನಿನಲ್ಲಿ ಒತ್ತಿದರೆ ಬ್ಲೂಟೂತ್‌ ಮೂಲಕ ಓಡಬೇಕು. ಒಳಗಿನ ಬ್ಲೂಟೂತ್ ಚಿಪ್ಪು ಕಂಪನಿಯಿಂದ ಬಂದ ಹಾಗೇ ಇದ್ದದ್ದರಿಂದ ಎಂಟಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್.

"ಸರ್, ಬೇರೆ ಬೇರೆ ಹೆಸರು ಇಡೋಣ. ಯಾವ ಫೋನು ಯಾವ ಬಂಡಿಗೆ ಸೇರ್ಕೊಳ್ಳುತ್ತೋ ಗೊತ್ತಾಗಲ್ಲ," ಎಂದು ಅಕ್ಕ ತಿಂಗಳ ಹಿಂದೆಯೇ ಹೇಳಿದ್ದಳು.

"ನೀವು ಬೀಗದ ಕೈ ನೋಡ್ಕೊಳ್ಳಿ, ಸಾಕು," ಎಂದಿದ್ದರು ವಿಜ್ಞಾನದ ಮೇಷ್ಟ್ರು.

ಅಂತರ ಶಾಲಾ ಸ್ಪರ್ಧೆಗೆ ಒಂದು ಬಂಡಿ ಆರಿಸುವ ದಿನ ಬಂತು. ಮಾತೇ ಆಡದವಳೆಂದು ತಮಾಷೆಗೆ ಎಲ್ಲರೂ 'ರೇಡಿಯೊ' ಎಂದು ಕರೆಯುವ ಹುಡುಗಿ ಮೂರು ವಾರ ಕೂತು ತಾನೇ ಕೋಡ್ ಬರೆದಿದ್ದಳು. ಉಳಿದವರು ಮೇಷ್ಟ್ರು ಕೊಟ್ಟದ್ದನ್ನು ನಕಲು ಹೊಡೆದಿದ್ದರು. ಅವಳು ಬಂಡಿಯನ್ನು ಮೇಜಿನ ಮೇಲಿಟ್ಟು ಸ್ವಿಚ್ ಹಾಕಿದಳು. ಫೋನಿಗೆ ಕೈ ಚಾಚುವಷ್ಟರಲ್ಲಿ ಬಂಡಿ ಹಿಂದಕ್ಕೋಡಿ ದೊಪ್ಪನೆ ನೆಲಕ್ಕೆ ಬಿತ್ತು.

"ನಾನು ಒತ್ತೇ ಇಲ್ಲ ಸರ್."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಕೋಡೇ ತಪ್ಪು," ಎಂದು ಮೇಷ್ಟ್ರು ಗದರಿ, ಪಟ್ಟಿಯಲ್ಲಿ ಅವಳ ಹೆಸರು ಹೊಡೆದುಹಾಕಿದರು.

ಪಕ್ಕದ ತಂಡದ ಹುಡುಗ ತನ್ನ ಬಂಡಿ ಅಲುಗದಿದ್ದರೂ ಫೋನನ್ನು ಒತ್ತುತ್ತಲೇ ಇದ್ದದ್ದು ಅಕ್ಕನ ಕಣ್ಣಿಗೆ ಬಿತ್ತು. ಮೈಯೆಲ್ಲ ಉರಿದುಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ತನ್ನ ಮೇಲೂ ಸಿಟ್ಟು ಬಂತು. ಅವತ್ತೇ ಜಗಳವಾಡಿ ಹೆಸರು ಬದಲಿಸಬೇಕಿತ್ತು. ಕಳಚಿದ ಚಕ್ರ ಸಿಕ್ಕಿಸಿ, ಬಂಡಿಯನ್ನು ಮೇಷ್ಟ್ರ ಎದುರು ನೆಲದ ಮೇಲಿಟ್ಟಳು.

"ಈಗ ಒತ್ತಪ್ಪ," ಎಂದಳು ಪಕ್ಕದ ಹುಡುಗನಿಗೆ.

ಅವನು ಒತ್ತಿದ. ಅವನ ಬಂಡಿ ಕದಲಲಿಲ್ಲ. ರೇಡಿಯೊ ಹುಡುಗಿಯ ಬಂಡಿ ಸರ್ರನೆ ಹೋಗಿ ಮೇಷ್ಟ್ರ ಬೂಟಿಗೆ ಗುದ್ದಿತು. ಯಾರೋ ಕಿಸಕ್ಕನೆ ನಕ್ಕರು.

ಮೇಷ್ಟ್ರು ಕೆಮ್ಮಿದರು. "ಸರಿ, ಪಾಪ, ಇನ್ನೊಂದು ಚಾನ್ಸ್ ಕೊಡೋಣ."

"ಪಾಪ ಅಂತೆ! ಮೊದಲು ಅವಳ ಹೆಸರು ವಾಪಸ್ ಬರೀರಿ ಸರ್. ಆಮೇಲೆ 'ತಪ್ಪು ನಂದು' ಅಂತ ನೀವೇ ಹೇಳಿ. ಇಲ್ದಿದ್ರೆ ಈ ಹುಡುಗಿ ತನ್ನ ಕೋಡಲ್ಲಿ ಇಲ್ಲದ ತಪ್ಪನ್ನ ಹುಡುಕ್ತಾನೇ ಇರ್ತಾಳೆ."

ಮೇಷ್ಟ್ರು ಹೆಸರು ಬರೆದರು. ಆಮೇಲೆ ಕಾಗದ ನೋಡುತ್ತ ಏನೋ ಗೊಣಗಿದರು.

"ಜೋರಾಗಿ ಸರ್," ಎಂದಳು ಅಕ್ಕ. "ಬೈದಿದ್ದು ಕೊನೇ ಬೆಂಚಿಗೂ ಕೇಳಿಸಿತ್ತು."