ಸುಗುಣಾಳ ಹೆಸರಿನಲ್ಲಿ ಅಳಿಸಿದ ಫೋಲ್ಡರ್

ಜಯಲತಾ ಅವರನ್ನು ನಾನು ಮೊದಲು ಕಂಡದ್ದು 2011ರ ಜೂನ್ ತಿಂಗಳ ಎರಡನೆಯ ಸೋಮವಾರ, ನಾನು ಕೆಲಸಕ್ಕೆ ಸೇರಿದ ದಿನ, ಠಾಣೆ ಬಳಿಯ ಐರೋಲಿಯಲ್ಲಿ, ವಿಮಾ ಅರ್ಜಿಗಳನ್ನು ಪರಿಶೀಲಿಸುವ ಒಂದು ಕಚೇರಿಯ ಮೂರನೆಯ ಮಹಡಿಯಲ್ಲಿ. ಅವರು ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿಕೊಂಡು ಮೇಜಿನ ಕೆಳಗೆ ಕುಳಿತಿದ್ದರು. ಕೇಬಲ್‌ಗಳಿಗೆ ಒಂದೊಂದಾಗಿ ನಂಬರಿನ ಚೀಟಿ ಅಂಟಿಸುತ್ತಿದ್ದರು. ನನ್ನ ಹೊಸ ಬೂಟುಗಳಷ್ಟೇ ಅವರಿಗೆ ಕಂಡಿರಬೇಕು. "ಕೌನ್ ಹೈ?" ಎಂದರು. ನಾನು ಹಿಂದಿಯಲ್ಲಿ ಉತ್ತರಿಸಿದ್ದೇ ತಡ, ನಗುತ್ತ ಹೊರಬಂದರು.

"ಯಾವ ಊರು ಮಾರಾಯ್ರೆ ನಿಮ್ಮದು?"

"ಕುಷ್ಟಗಿ ಹತ್ರ ಒಂದು ಹಳ್ಳಿರೀ. ಬಿಸಿಎ ಮುಗಿಸೀನ್ರಿ."

"ಹಾಗಾದರೆ ಕನ್ನಡದಲ್ಲೇ ಹೇಳಿ. ನಿಮ್ಮ ಹಿಂದಿ ಕೇಳಿದರೆ ಸರ್ವರ್ ಕೂಡ ಬಂದ್ ಆದೀತು."

ಅವರ ಮನೆತನ ಕಾರ್ಕಳದ ಕಡೆಯದು. ಹುಟ್ಟಿ ಬೆಳೆದದ್ದು ಮಾತ್ರ ಠಾಣೆಯ ಕೋಪರಿಯಲ್ಲಿ. ಕಚೇರಿಯ ನೂರಿಪ್ಪತ್ತು ಕಂಪ್ಯೂಟರ್‌ಗಳು ಅವರ ಉಸ್ತುವಾರಿಯಲ್ಲಿದ್ದವು. ಯಾರು ಲಾಗಿನ್ ಆದರು, ಯಾರು ಯಾವ ಫೈಲು ತೆರೆದರು, ಯಾರು ಅಳಿಸಿದರು, ಇವುಗಳಲ್ಲಿ ಯಾವುದನ್ನು ಸರ್ವರ್ ಬರೆದಿಡಬೇಕೆಂದು ನಿರ್ಧರಿಸುವುದಕ್ಕೆ ಆಡಿಟ್ ಪಾಲಿಸಿ ಎನ್ನುತ್ತಾರೆ. ಆ ಕೆಲಸವನ್ನು ಅವರು ನನಗೆ ಒಪ್ಪಿಸಿದರು. ಯಾವುದೂ ತಪ್ಪಬಾರದೆಂದು ನಾನು ಇದ್ದಬದ್ದ ಆಯ್ಕೆಗಳಿಗೆಲ್ಲ ಟಿಕ್ ಹಾಕಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಸರ್ವರ್ ಬರೆದಿಡುವ ದಾಖಲೆಯಾದ ಲಾಗ್ ತುಂಬಿ, ಬೆಳಗಿನ ಸಾಲುಗಳು ಅಳಿಸಿಹೋಗಿದ್ದವು.

"ಎಲ್ಲ ಬರೀಲಿಕ್ಕೆ ಹೊರಟರೆ ಯಾವುದೂ ಉಳಿಯುದಿಲ್ಲ," ಎಂದರು ಜಯಲತಾ. ಬೈಯಲಿಲ್ಲ. ಪಕ್ಕದಲ್ಲಿ ಕುಳಿತು, ಬೇಡದ್ದನ್ನೆಲ್ಲ ನನ್ನ ಕೈಯಿಂದಲೇ ತೆಗೆಸಿದರು.

ನಮ್ಮ ಕಚೇರಿಯಲ್ಲಿ ಹಾಜರಿ ಹಿಡಿಯುತ್ತಿದ್ದುದು ಲಾಗಿನ್ ಆದ ಹೊತ್ತಿನಿಂದ. ಮಳೆಗಾಲದಲ್ಲಿ ಲೋಕಲ್ ರೈಲು ತಡವಾದರೆ ಕಲ್ಯಾಣ, ಡೊಂಬಿವಲಿಯವರಿಗೆ ಅರ್ಧ ದಿನದ ರಜೆ ಹೋಗುತ್ತಿತ್ತು. ಹಾಗಾಗಿ ಮೊದಲು ತಲುಪಿದವರು ಉಳಿದವರ ಪಾಸ್‌ವರ್ಡ್ ಹಾಕಿ ಲಾಗಿನ್ ಮಾಡಿಡುತ್ತಿದ್ದರು. ಇದು ಎಲ್ಲರಿಗೂ ಗೊತ್ತಿತ್ತು. ಮ್ಯಾನೇಜರ್ ಮಹಾದೇವಪ್ಪನವರಿಗೆ ಮಾತ್ರ ಗೊತ್ತಿರಲಿಲ್ಲ.

ಜುಲೈನ ಒಂದು ಬುಧವಾರ ಗ್ರಾಹಕರೊಬ್ಬರ ಇಡೀ ಫೋಲ್ಡರ್ ಮಾಯವಾಯಿತು. ಬ್ಯಾಕಪ್‌ನಿಂದ ಮರಳಿ ತಂದೆವಾದರೂ ಮಹಾದೇವಪ್ಪನವರು ಲಾಗ್ ತರಿಸಿದರು. ಬೆಳಿಗ್ಗೆ 9.12ಕ್ಕೆ ಅಳಿಸಿದವರ ಹೆಸರು ಸುಗುಣಾ ಎಂದಿತ್ತು. ಕಲ್ಯಾಣದಿಂದ ಬರುವ ಹುಡುಗಿ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

"ರೆಕಾರ್ಡೇ ಹೇಳ್ತಾ ಇದೆ ಕಣಮ್ಮ, ನಾನೇನ್ ಮಾಡ್ಲಿ? ನಾಳೆಯಿಂದ ಬರಬೇಡ. ಸಂಜೆ ಪತ್ರ ತಗೊಂಡು ಹೋಗು," ಎಂದರು.

ಆಕೆ ಆ ಹೊತ್ತಿಗೆ ತಾನು ಟ್ರೈನಿನಲ್ಲಿದ್ದೆ ಎಂದು ಹೇಳಲಿಲ್ಲ. ಹೇಳಿದ್ದರೆ ಲಾಗಿನ್ ಮಾಡಿದವರು ಯಾರೆಂದೂ ಹೇಳಬೇಕಾಗುತ್ತಿತ್ತು.

ಜಯಲತಾ ಲಾಗನ್ನು ನನ್ನೊಂದಿಗೆ ಮತ್ತೆ ಓದಿದರು. ಅಳಿಸಿದ ಸಾಲಿನಲ್ಲಿ ಹೆಸರಷ್ಟೇ ಇತ್ತು. ಅದಕ್ಕೂ ಮೊದಲಿನ ಲಾಗಿನ್ ಸಾಲಿನಲ್ಲಿ ಕಂಪ್ಯೂಟರಿನ ನಂಬರ್ ಇತ್ತು: 117. ಅವರ ಬೆರಳು ಅಲ್ಲೇ ನಿಂತಿತು.

"ಇದು ನನ್ನ ಮಗ್ಗುಲಿನ ಮೆಷಿನ್," ಎಂದರು. "ಸುಗುಣಾಳ ಲಾಗಿನ್ ಹಾಕಿದ್ದೇ ನಾನು. ಆಮೇಲೆ ಅದು ಮರೆತೇ ಹೋಗಿ, ಅದರಲ್ಲೇ ಕೂತು ಹಳೇ ಫೋಲ್ಡರ್‌ಗಳನ್ನು ಅಳಿಸಿದೆ. ತಪ್ಪಿ ಇದಕ್ಕೆ ಕೈ ಹಾಕಿದ್ದೇನೆ."

ನಾನು ಮೆಲ್ಲಗೆ, "ಲಾಗ್ ಖಾಲಿ ಮಾಡಿಬಿಡೋಣೇನ್ರೀ ಅಕ್ಕಾ?" ಎಂದೆ.

"ಖಾಲಿ ಮಾಡಿದವರ ಹೆಸರು ಹೊಸ ಲಾಗಿನ ಮೊದಲ ಸಾಲಿಗೆ ಬರ್ತದೆ. ಇಷ್ಟೂ ಕಲೀಲಿಲ್ವಾ?" ಎಂದು ಗದರಿದರು. ಪ್ರಿಂಟರ್ ಆನ್ ಮಾಡುತ್ತ, "ಬರದಿದ್ದರೂ ಮಾಡ್ತಿರಲಿಲ್ಲ. ಆ ಹುಡುಗಿಯ ಬಾಯಿಂದ ನನ್ನ ಹೆಸರು ಬರಲೇ ಇಲ್ಲ, ನೋಡಿದಿರಲ್ಲ?" ಎಂದರು.

ಎರಡೂ ಸಾಲುಗಳನ್ನು ಪ್ರಿಂಟ್ ತೆಗೆದು, ಅಡಿಗೆರೆ ಎಳೆದುಕೊಂಡು ಮಹಾದೇವಪ್ಪನವರ ಕೋಣೆಗೆ ಹೋದರು. ಅರ್ಧ ಗಂಟೆ ಬಾಗಿಲು ತೆರೆಯಲಿಲ್ಲ. ಸುಗುಣಾಳಿಗೆ ಪತ್ರ ಬರಲಿಲ್ಲ. ಜಯಲತಾ ಅವರಿಂದ ಸರ್ವರಿನ ಜವಾಬ್ದಾರಿ ಕಿತ್ತುಕೊಂಡು ನನಗೆ ಕೊಟ್ಟರು. ಅವರನ್ನು ದೂರು ಕೇಳುವ ಫೋನಿನ ಮುಂದೆ ಕೂರಿಸಿದರು. ಹಾಜರಿ ಹಿಡಿಯುವುದು ಲಾಗಿನ್‌ನಿಂದ ಗೇಟಿನ ರಿಜಿಸ್ಟರಿಗೆ ಬದಲಾಯಿತು. ಎಂಟು ತಿಂಗಳು ಫೋನು ಎತ್ತುತ್ತಲೇ ಅವರು ನನ್ನ ತಪ್ಪುಗಳನ್ನು ತಿದ್ದಿದರು. ಆಮೇಲೆ ಬೇರೆ ಕೆಲಸ ಹುಡುಕಿಕೊಂಡರು. ಸಂದರ್ಶನದಲ್ಲಿ, ಹಳೆಯ ಕೆಲಸ ಯಾಕೆ ಬಿಟ್ಟಿರೆಂದು ಕೇಳಿದಾಗ, ನಡೆದದ್ದನ್ನೇ ಹೇಳಿದರಂತೆ.

ಈಗಲೂ ಅವರು ಅಲ್ಲೇ, ಅಂಬರನಾಥದ ಒಂದು ಔಷಧ ಕಾರ್ಖಾನೆಯಲ್ಲಿ ಅರವತ್ತು ಕಂಪ್ಯೂಟರ್‌ಗಳ ಲಾಗ್ ನೋಡಿಕೊಳ್ಳುತ್ತಾರೆ.