ಹಂಪಣ್ಣನ ಖರಾದಿನ ಹಗ್ಗ

ಆಗ ಮಸ್ಕಿಯಲ್ಲಿ ಕೂಸು ಯಾರ ಮನೆಯಲ್ಲೇ ಹುಟ್ಟಲಿ, ಮಲಗುವುದು ಬಡಿಗೇರ ಹಂಪಣ್ಣ ಮಾಡಿದ ತೊಟ್ಟಿಲಿನಲ್ಲೇ. ನಿಜಾಮರ ಕಾಲದ ಆ ದಿನಗಳಲ್ಲಿ ಸಿಂಧನೂರಿನಿಂದಲೂ ಜನ ಬಂಡಿ ಕಟ್ಟಿಕೊಂಡು ಅವನ ಮನೆಗೆ ಬರುತ್ತಿದ್ದರು. ಅವನು ನೆಲದ ಮೇಲೆ ಕೂತು, ಎಡಗೈಯಲ್ಲಿ ಬಿಲ್ಲಿನಂಥ ಕಮಾನು ಆಡಿಸಿ, ಕಟ್ಟಿಗೆ ಸಿಕ್ಕಿಸಿದ ಖರಾದನ್ನು ತಿರುಗಿಸುತ್ತ, ಬಲಗೈ ಮತ್ತು ಕಾಲ್ಬೆರಳುಗಳಿಂದ ಉಳಿ ಹಿಡಿದು ಕಟ್ಟಿಗೆ ಕಡೆಯುವುದನ್ನು ನೋಡಲಿಕ್ಕೆಂದೇ ಕೆಲವರು ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಅದರ ಜಂಬ ಅವನಿಗಿತ್ತು. ಯಾಕಿರಬಾರದು?

ಜರ್ಮನಿಯ ಯುದ್ಧ ನಡೆದಿದ್ದಾಗ ಸಾಗವಾನಿ ದಿಮ್ಮಿ ಹೇರಿದ ಬಂಡಿ ಹಳ್ಳದಲ್ಲಿ ಅವನ ಮೇಲೆ ಮಗುಚಿತು. ಜೀವವೇನೋ ಉಳಿಯಿತು, ಆದರೆ ಕಾಲೆರಡೂ ಸತ್ತುಹೋದವು.

"ಅಳಬ್ಯಾಡಣ್ಣ," ಅಂದ ತಮ್ಮ ವಿರೂಪಾಕ್ಷಪ್ಪ. "ನೀ ಕುರ್ಚಿ ಮ್ಯಾಲೆ ಕುಂತ ಕಡಿಯೂವಂತಿ. ನಾ ಅದೀನಿ."

ಅಂದಂತೆ ಮಾಡಿದ. ಲಿಂಗಸೂಗೂರಿನ ಬಂಗಲೆಯೊಂದರ ಹರಾಜಿನಲ್ಲಿ ಯಾವಳೋ ದೊರೆಸಾನಿ ಬಿಟ್ಟುಹೋದ ಗಾಲಿಕುರ್ಚಿ ತಂದ. ಅದು ಒಳಗೆ ಬರಲೆಂದು ಅಪ್ಪ ಕೂರಿಸಿದ್ದ ಹೊಸ್ತಿಲನ್ನೇ ಕಿತ್ತ. ನೆಲದ ಮೇಲಿದ್ದ ಖರಾದನ್ನು ಕಲ್ಲಿನ ಮೇಲೆ ಏರಿಸಿ ಕುರ್ಚಿಯ ಎತ್ತರಕ್ಕೆ ತಂದ. ಗಾಲಿ ಜರುಗದಂತೆ ನೆಲದಲ್ಲಿ ಗುಣಿ ತೋಡಿದ. ಕಾಲ್ಬೆರಳಿನ ಬದಲು ಉಳಿಗೆ ಆಸರೆಯಾಗಲೆಂದು ಗೂಟ ನೆಟ್ಟ. ಊರಿಗೆ ಊರೇ ತಮ್ಮನಿದ್ದರೆ ಹೀಗಿರಬೇಕು ಅಂದಿತು. ಹಂಪಣ್ಣ ಅವನ ಕೈ ಹಿಡಿದು ಅತ್ತುಬಿಟ್ಟ.

ಗೂಟವಿದ್ದರೂ ಈಗ ಹಂಪಣ್ಣನಿಗೆ ಎರಡೂ ಕೈ ಉಳಿಗೇ ಬೇಕು. ಕಮಾನಿನ ಬದಲು ಖರಾದಿಗೆ ಹಗ್ಗ ಸುತ್ತಿ, ಎದುರಿಗೆ ಕೂತು ಇನ್ನೊಬ್ಬರು ಎಳೆಯಬೇಕು. ಆ ಮನೆಯಲ್ಲಿ ಹೆಂಗಸರು ಖರಾದು ಮುಟ್ಟುವಂತಿರಲಿಲ್ಲ, ತಾತನ ಕಾಲದಿಂದ ಬಂದ ಕಟ್ಟು. ಹೀಗಾಗಿ ವಿರೂಪಾಕ್ಷಪ್ಪನೇ ಕೂತ.

ಕಟ್ಟಿಗೆ ಮುಂದಕ್ಕೆ ತಿರುಗುವಾಗ ಉಳಿ ತಾಗಿಸಬೇಕು, ಹಿಂದಕ್ಕೆ ತಿರುಗುವಾಗ ಬಿಡಬೇಕು. ಹಂಪಣ್ಣನಿಗೆ ಇದು ಉಸಿರಾಟದಷ್ಟು ರೂಢಿ. ಆದರೂ ತಾಗಿಸಿದಾಗಲೆಲ್ಲ ಚಕ್ಕೆ ಎದ್ದಿತು, ಕಟ್ಟಿಗೆಯ ಮೈ ತರಚಿತು. ವರ್ಷವಿಡೀ ಅದೇ ಕಥೆ.

"ಕಾಲಿನ ಸಂಗಾಟ ಕೈನೂ ಹೋದವೇನೋ ವಿರೂಪಾಕ್ಷಿ?"

"ದಣಿಬ್ಯಾಡ ಬಿಡಣ್ಣ. ನಾ ಮಾಡ್ತೀನಿ."

ನವಮಿಯ ಆಯುಧಪೂಜೆಯಲ್ಲಿ ಹಂಪಣ್ಣ ಅಪ್ಪನ ದೊಡ್ಡ ಉಳಿಯನ್ನು ದೇವರ ಮುಂದೆ ತಮ್ಮನ ಕೈಗಿಟ್ಟ. ಹಾಗೆ ಕೊಟ್ಟ ಉಳಿಯನ್ನು ಅವರ ಮನೆತನದಲ್ಲಿ ಯಾರೂ ಮರಳಿ ಪಡೆದದ್ದಿಲ್ಲ. ಅಂದಿನಿಂದ ಖರಾದು ವಿರೂಪಾಕ್ಷಪ್ಪನದು, ಗಿರಾಕಿಗಳೂ ಅವನವರೇ. ಹಂಪಣ್ಣ ಕಟ್ಟೆಯ ಮೇಲಿನ ಮುದುಕರ ಸಾಲಿಗೆ ಸೇರಿದ.

ತಮ್ಮ ಸಿಂಧನೂರು ಸಂತೆಗೆ ಹೋಗಿದ್ದ ಒಂದು ದಿನ ಹಂಪಣ್ಣನ ಹೆಂಡತಿ ಕಸ್ತೂರೆಮ್ಮನ ಲಟ್ಟಣಿಗೆ ಮುರಿಯಿತು.

"ನೀವ ಒಂದು ಕಡದ ಕೊಡ್ರಿ. ಹಗ್ಗಾ ನಾ ಎಳಿತೀನಿ."

"ಏ ಹುಚ್ಚಿ, ಹೆಂಗಸರು ಮುಟ್ಟಬಾರದು."

"ದಿನಾ ಬಾವಿ ಹಗ್ಗಾ ಎಳಿತೀನಿ, ಇದೇನು ಅದಕ್ಕಿಂತ ದೊಡ್ಡದೇನ್ರಿ? ಬಾಗಿಲಾ ಹಾಕ್ತೀನಿ, ಯಾರ ನೋಡ್ತಾರ?"

ಆಕೆ ನೀರು ಸೇದುವ ಲಯದಲ್ಲೇ ಎಳೆದಳು. ಹಂಪಣ್ಣ ಅಂಜುತ್ತಲೇ ಸಣ್ಣ ಉಳಿ ತಾಗಿಸಿದ. ಒಂದು ಚಕ್ಕೆಯೂ ಏಳಲಿಲ್ಲ. ತೆಳ್ಳನೆಯ ಸಿಪ್ಪೆ ಸುರುಳಿಯಾಗಿ ಅವನ ತೊಡೆಯ ಮೇಲೆ ಬಿತ್ತು. ಲಟ್ಟಣಿಗೆಯನ್ನು ಕೆನ್ನೆಗೆ ಒತ್ತಿ ನೋಡಿದ. ನುಣುಪು, ಮೊದಲಿನದೇ ನುಣುಪು.

ಸಂತೋಷ ಒಂದು ಗಳಿಗೆಯಷ್ಟೇ ಇತ್ತು. ಉಳಿ ಇನ್ನೂ ಕಟ್ಟಿಗೆಯ ಮೇಲಿರುವಾಗಲೇ ಹಗ್ಗವನ್ನು ಹಿಂದಕ್ಕೆ ಜಗ್ಗುತ್ತಿದ್ದ ತಮ್ಮನ ಕೈ ಕಣ್ಣಮುಂದೆ ಬಂತು. ಬಂಡಿ ಬಿದ್ದಾಗಲೂ ಅವನು ಇಷ್ಟು ನೊಂದಿರಲಿಲ್ಲ.

ಸಂಜೆ ತಮ್ಮ ಬಂದಾಗ ಹಂಪಣ್ಣ ಕುರ್ಚಿಯಲ್ಲಿ ಖರಾದಿನ ಮುಂದೇ ಇದ್ದ. ಕಸ್ತೂರೆಮ್ಮ ಪಕ್ಕದಲ್ಲಿ ನಿಂತಿದ್ದಳು.

"ಇದನ್ನ ನಾ ಕಡದೀನಿ. ನಿಮ್ಮತ್ತಿಗಿ ಹಗ್ಗಾ ಎಳದಾಳ."

ವಿರೂಪಾಕ್ಷಪ್ಪ ಲಟ್ಟಣಿಗೆಯ ಮೇಲೆ ಬೆರಳಾಡಿಸಿದ. ಸುಳ್ಳು ಹೇಳಲಿಕ್ಕೆ ಜಾಗವಿರಲಿಲ್ಲ.

"ಸಾಯೂತನಕ ನಿನ್ನ ಎದುರಿಗೆ ಹಗ್ಗಾ ಎಳಕೋಂತ ಕುಂದ್ರಬೇಕಿತ್ತೇನಣ್ಣ? ಹಂಪಣ್ಣನ ತೊಟ್ಟಿಲಾ, ಹಂಪಣ್ಣನ ತೊಟ್ಟಿಲಾ! ನನ್ನ ಹೆಸರು ಒಬ್ಬರಾದ್ರೂ ಅಂದಾರೇನು?"

"ಮತ್ತ ಕುರ್ಚಿ ಯಾಕ ತಂದಿ? ಹೊಸ್ತಿಲಾ ಯಾಕ ಕಿತ್ತಿ?"

"ಆಗ ಮನಸ್ಸು ಖರೇನ ಇತ್ತು. ಎಳಿಯಾಕ ಕುಂತ ಮ್ಯಾಲೆ ಕೆಟ್ಟಿತು." ಅಪ್ಪನ ಉಳಿ ತಂದು ಅಣ್ಣನ ತೊಡೆಯ ಮೇಲಿಟ್ಟ. "ತಗೋ, ನಿಂದ ಇದು."

ಹಂಪಣ್ಣ ಅದನ್ನು ಕೆಳಗಿಟ್ಟ. "ದೇವರ ಮುಂದ ಕೊಟ್ಟೀನಿ, ಅದು ನಿಂದ. ನೀ ಒಮ್ಮೆ ಹಗ್ಗಾ ಎಳಿ. ಸರಿಯಾಗಿ ಎಳಿ, ನೋಡೋಣ."

ವಿರೂಪಾಕ್ಷಪ್ಪ ಕೂತು ಎಳೆದ. ಕಣ್ಣೀರು ಸುರಿಯುತ್ತಿದ್ದರೂ ಕೈ ತಪ್ಪಲಿಲ್ಲ. ತೊಟ್ಟಿಲಿನ ಕಾಲೊಂದು ಎಲ್ಲೂ ತರಚದೆ, ಬೆಣ್ಣೆ ಸವರಿದಂತೆ ಇಳಿದು ಬಂತು.

"ಇಷ್ಟು ಚೆಂದ ಎಳಿಯಾಕ ಬರ್ತಿತ್ತಲ್ಲೋ ನಿನಗ," ಅಂದ ಹಂಪಣ್ಣ.

ತಮ್ಮ ಹಗ್ಗ ಹಿಡಿದೇ ಕಣ್ಣೊರೆಸಿಕೊಂಡ.

"ಹಗ್ಗಾ ನಿಮ್ಮತ್ತಿಗಿ ಕೈಯಾಗ ಕೊಡು. ಉಳಿ ತಗೊಂಡು ನಡಿ."

ವಿರೂಪಾಕ್ಷಪ್ಪ ಹಗ್ಗವನ್ನು ಅತ್ತಿಗೆಯ ಕೈಗಿಟ್ಟು, ಉಳಿ ಹಿಡಿದು ಎದ್ದ. ತಾನೇ ಹೊಸ್ತಿಲು ಕಿತ್ತ ಆ ಬಾಗಿಲಿನಿಂದ ಹೊರಗೆ ಹೋದ.